ಚುನಾವಣೆಯ ಸಾಲ, ಅಧಿಕಾರದ ಋಣ

ಒಂದು ಚುನಾವಣೆಯ ಬೆಳಗಿನಿಂದ ಶುರುಮಾಡುತ್ತೇನೆ. ಕ್ರಿ.ಪೂ. 63, ರೋಮ್ ನಗರ. ಪ್ರಧಾನ ಅರ್ಚಕನ ಹುದ್ದೆಗೆ ಅಂದು ಮತದಾನ. ಕಣದಲ್ಲಿ ಹೆಸರುವಾಸಿಯಾದ ಇಬ್ಬರು ಹಿರಿಯರಿದ್ದಾರೆ. ಅವರ ಎದುರು ನಿಂತವನು ಇನ್ನೂ ನಲವತ್ತು ದಾಟದ ಜೂಲಿಯಸ್ ಸೀಸರ್. ಅವನು ಸಾಲದಲ್ಲಿ ಕಂಠಮಟ್ಟ ಮುಳುಗಿರುವುದು ಊರಿಗೆಲ್ಲ ಗೊತ್ತಿತ್ತು. ಎದುರಾಳಿ ಕ್ಯಾಟುಲಸ್ ಒಂದು ಉಪಾಯ ಮಾಡಿದ: ದೊಡ್ಡ ಮೊತ್ತ ಕೊಡುತ್ತೇನೆ, ಕಣದಿಂದ ಹಿಂದೆ ಸರಿ ಎಂದು ಹೇಳಿ ಕಳುಹಿಸಿದ. ಅದಕ್ಕಿಂತ ಹೆಚ್ಚು ಸಾಲ ಮಾಡಿಯಾದರೂ ಸ್ಪರ್ಧಿಸುತ್ತೇನೆ ಎಂದು ಸೀಸರ್ ಉತ್ತರಿಸಿದನೆಂದು ಪ್ರಾಚೀನ ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆದಿದ್ದಾನೆ. ಬೆಳಗ್ಗೆ ಬಾಗಿಲವರೆಗೆ ಬಂದು ಕಣ್ಣೀರು ಹಾಕಿದ ತಾಯಿಗೆ ಅವನು ಹೇಳಿದ ಮಾತು ಇನ್ನೂ ಪ್ರಸಿದ್ಧ. ಇಂದು ನಿನ್ನ ಮಗ ಪ್ರಧಾನ ಅರ್ಚಕನಾಗುತ್ತಾನೆ, ಇಲ್ಲವೇ ದೇಶಭ್ರಷ್ಟನಾಗುತ್ತಾನೆ ಎಂದ. ಗೆದ್ದ.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಕುತೂಹಲ ಇರುವುದು ಮುಂದಿನ ಭಾಗದ ಬಗ್ಗೆ. ಎರಡು ವರ್ಷಗಳ ನಂತರ ಸೀಸರನಿಗೆ ಸ್ಪೇನಿನ ಒಂದು ಪ್ರಾಂತ್ಯದ ಆಡಳಿತ ಸಿಕ್ಕಿತು. ಹೊರಡಬೇಕೆಂದರೆ ಸಾಲ ಕೊಟ್ಟವರು ದಾರಿಗೆ ಅಡ್ಡ ನಿಂತರು. ಆಗ ರೋಮಿನ ಅತಿ ದೊಡ್ಡ ಶ್ರೀಮಂತ ಕ್ರಾಸಸ್ 830 ಟ್ಯಾಲೆಂಟಿಗೆ (ಟ್ಯಾಲೆಂಟ್ ಅಂದಿನ ಹಣದ ದೊಡ್ಡ ಅಳತೆ) ಜಾಮೀನು ನಿಂತ. ಸೀಸರ್ ಹೋದ, ಯುದ್ಧ ಮಾಡಿದ, ಸಿರಿವಂತನಾಗಿ ಮರಳಿದ. ಹಾಗಾದರೆ ಆ ಚುನಾವಣೆಯ ಸಾಲವನ್ನು ತೀರಿಸಿದವರು ಯಾರು? ಸ್ಪೇನಿನ ಜನ. ಅವರಿಗೆ ಆ ಚುನಾವಣೆಯಲ್ಲಿ ಮತ ಕೂಡ ಇರಲಿಲ್ಲ.

ಇನ್ನು ಕ್ರಾಸಸ್. ಅವನು ಜಾಮೀನು ನಿಂತಾಗ ಕರಾರು ಏನಾದರೂ ಬರೆಸಿಕೊಂಡನೇ? ಅಂಥ ಪತ್ರ ಯಾವುದೂ ನಮಗೆ ಸಿಕ್ಕಿಲ್ಲ. ಆದರೆ ಕ್ರಿ.ಪೂ. 59ರಲ್ಲಿ ಸೀಸರ್ ಕಾನ್ಸಲ್, ಅಂದರೆ ರೋಮಿನ ಅತಿ ಎತ್ತರದ ಚುನಾಯಿತ ಅಧಿಕಾರಿ, ಆದ. ಏಷ್ಯಾ ಪ್ರಾಂತ್ಯದ ತೆರಿಗೆ ವಸೂಲಿಯನ್ನು ಗುತ್ತಿಗೆ ಹಿಡಿದಿದ್ದವರು ತಾವು ಕೂಗಿದ ಹರಾಜು ದುಬಾರಿಯಾಯಿತು, ಕಡಿಮೆ ಮಾಡಿ ಎಂದು ಕೆಲವು ಕಾಲದಿಂದ ಗೋಗರೆಯುತ್ತಿದ್ದರು. ಸೆನೆಟ್ ಒಪ್ಪಿರಲಿಲ್ಲ. ಅವರ ಬೆನ್ನಿಗಿದ್ದವನು ಕ್ರಾಸಸ್. ಸೀಸರ್ ಅಧಿಕಾರಕ್ಕೆ ಬಂದ ವರ್ಷವೇ ಗುತ್ತಿಗೆ ಹಣದಲ್ಲಿ ಮೂರನೆಯ ಒಂದು ಭಾಗ ಮನ್ನಾ ಆಯಿತು.

ನಮ್ಮ ಭಾಷೆಯಲ್ಲಿ ಎರಡು ಪದಗಳಿವೆ, ಸಾಲ ಮತ್ತು ಋಣ. ಸಾಲಕ್ಕೆ ಪತ್ರ ಇರುತ್ತದೆ, ಮೊತ್ತ ಇರುತ್ತದೆ, ವಾಯಿದೆ ಇರುತ್ತದೆ. ತೀರಿಸಿದರೆ ಮುಗಿಯಿತು. ಋಣಕ್ಕೆ ಇದು ಯಾವುದೂ ಇಲ್ಲ. ಕೊಟ್ಟವನು ಕೇಳುವುದಿಲ್ಲ, ಪಡೆದವನು ಮರೆಯುವುದಿಲ್ಲ. ಚುನಾವಣೆಯ ಹಣದ ಬಗ್ಗೆ ಜಗತ್ತಿನ ಬಹುಪಾಲು ಕಾನೂನುಗಳು ಸಾಲವನ್ನು ಹಿಡಿಯಲು ಬರೆದವು. ಆಡಳಿತ ನಡೆಯುವುದು ಋಣದ ಮೇಲೆ. ಇಂದು ನಾನು ಹೇಳಬೇಕೆಂದಿರುವುದು ಹೆಚ್ಚೂ ಕಡಿಮೆ ಇಷ್ಟೇ. ಉಳಿದದ್ದು ಇದರ ವಿಸ್ತಾರ.

ರೋಮನ್ನರಿಗೆ ಕಾನೂನು ಇರಲಿಲ್ಲವೆಂದು ತಿಳಿಯಬೇಡಿ. ಚುನಾವಣಾ ಅಕ್ರಮಕ್ಕೆ ಅವರು 'ಆಂಬಿಟಸ್' ಎನ್ನುತ್ತಿದ್ದರು. ಆ ಪದದ ಮೂಲ ಅರ್ಥ ಸುತ್ತಾಡುವುದು, ಅಂದರೆ ಮತ ಕೇಳುತ್ತ ಮನೆ ಮನೆ ತಿರುಗುವುದು. ಅದರ ವಿರುದ್ಧ ಕಾನೂನಿನ ಮೇಲೆ ಕಾನೂನು ಬಂತು. ಸೀಸರ್ ಗೆದ್ದ ಅದೇ ವರ್ಷ ಕಾನ್ಸಲ್ ಆಗಿದ್ದ ಸಿಸೆರೋ ಕೂಡ ಒಂದನ್ನು ಸೇರಿಸಿದ. ಒಂದೇ ಅಪರಾಧದ ಮೇಲೆ ಮತ್ತೆ ಮತ್ತೆ ಕಾನೂನು ಬಂತು ಎಂದರೆ ಹಿಂದಿನದು ಕೆಲಸ ಮಾಡಲಿಲ್ಲ ಎಂದೇ ಅರ್ಥ. ಒಂದು ತಮಾಷೆಯ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅಭ್ಯರ್ಥಿಗೆ ಲ್ಯಾಟಿನ್ ಪದ 'ಕ್ಯಾಂಡಿಡಾಟಸ್', ಬೆಳ್ಳಗೆ ಮಾಡಿದ ಬಟ್ಟೆ ತೊಟ್ಟವನು. ಉಡುಪಿಗೆ ಬಿಳುಪು ಹಚ್ಚಿಕೊಂಡು ಮತ ಕೇಳಬಾರದೆಂದು ಒಂದು ಕಾಲದಲ್ಲಿ ಕಾನೂನೇ ಬಂದಿತ್ತೆಂದು ರೋಮನ್ ಇತಿಹಾಸಕಾರ ಲಿವಿ ದಾಖಲಿಸಿದ್ದಾನೆ. ಆ ಕಾನೂನು ಎಷ್ಟು ಬಾಳಿಕೆ ಬಂತೆಂಬುದನ್ನು ನೀವೇ ಸುತ್ತ ನೋಡಿ ಹೇಳಬಹುದು.

ಹಣ ಮತ್ತು ಚುನಾವಣೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮತದಾರನ ಕೈಗೆ ಬೀಳುವ ನೋಟು. ಅದನ್ನು ಮೊದಲು ನೋಡೋಣ. ಗುಟ್ಟಿನ ಮತದಾನ ಬರುವ ಮುನ್ನ ಇದು ಸರಳ ವ್ಯಾಪಾರವಾಗಿತ್ತು. ಮತವನ್ನು ಬಾಯಿಬಿಟ್ಟು ಹೇಳಬೇಕಾಗಿದ್ದರಿಂದ ಕೊಟ್ಟವನಿಗೆ ಸರಕು ತಲುಪಿತೋ ಇಲ್ಲವೋ ತಕ್ಷಣ ತಿಳಿಯುತ್ತಿತ್ತು. ಬ್ರಿಟನ್ನಿನಲ್ಲಿ 1872ರಲ್ಲಿ ಗುಟ್ಟಿನ ಮತದಾನ ಬಂತು. ಆದರೆ ಹಣ ನಿಲ್ಲಲಿಲ್ಲ. 1880ರ ಮಹಾಚುನಾವಣೆಯಲ್ಲಿ ಅಭ್ಯರ್ಥಿಗಳು ಒಪ್ಪಿಕೊಂಡ ಖರ್ಚೇ 17 ಲಕ್ಷ ಪೌಂಡ್ ದಾಟಿತ್ತು. ಒಪ್ಪಿಕೊಳ್ಳದ್ದು ಎಷ್ಟೋ. ಅದರ ಹೊಡೆತಕ್ಕೆ ರಾಜಕಾರಣಿಗಳೇ ಬೆಚ್ಚಿದರು. 1883ರಲ್ಲಿ ಕಾನೂನು ಬಂತು. ಕ್ಷೇತ್ರದ ಮತದಾರರ ಸಂಖ್ಯೆಗೆ ತಕ್ಕಂತೆ ಖರ್ಚಿಗೆ ಮಿತಿ ಬಂತು, ಲೆಕ್ಕ ಒಪ್ಪಿಸಲು ಒಬ್ಬ ಏಜೆಂಟ್ ಇರಬೇಕೆಂದಾಯಿತು, ಮತದಾರರನ್ನು ಬಾಡಿಗೆ ಗಾಡಿಯಲ್ಲಿ ಕರೆತರುವುದಕ್ಕೆ ನಿಷೇಧ ಬಿತ್ತು. ಎರಡು ವರ್ಷದ ನಂತರದ ಚುನಾವಣೆಯ ಹೊತ್ತಿಗೆ ಮತದಾರರ ಸಂಖ್ಯೆ ಬಹಳ ಬೆಳೆದಿತ್ತು, ಆದರೆ ಲೆಕ್ಕದ ಖರ್ಚು 10 ಲಕ್ಷದ ಆಸುಪಾಸಿಗೆ ಇಳಿದಿತ್ತು. ಕಾನೂನಿನಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ನಾನು ಯಾವಾಗಲೂ ಈ ಉದಾಹರಣೆ ಕೊಡುತ್ತೇನೆ.

ಗುಟ್ಟಿನ ಮತದಾನದ ಬಲ ಎಷ್ಟೆಂದು ತಿಳಿಯಬೇಕಾದರೆ ಚಿಲಿ ದೇಶವನ್ನು ನೋಡಬೇಕು. ಅಲ್ಲಿ 1958ರವರೆಗೆ ಮತಪತ್ರಗಳನ್ನು ಪಕ್ಷಗಳೇ ಮುದ್ರಿಸಿ ಹಂಚುತ್ತಿದ್ದವು. ಜಮೀನ್ದಾರನ ಹೊಲದಲ್ಲೇ ಬದುಕುವ ಆಳು ಯಾವ ಪತ್ರ ಹಿಡಿದು ಹೋದನೆಂಬುದು ಮುಚ್ಚಿಡುವ ವಿಷಯವಾಗಿರಲಿಲ್ಲ. ಆ ವರ್ಷ ಸರ್ಕಾರ ಮುದ್ರಿಸಿದ ಒಂದೇ ಮತಪತ್ರ ಬಂತು. ಬಾಲಾಂಡ್ ಮತ್ತು ರಾಬಿನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಮುಂದೆ ಇದರ ಪರಿಣಾಮವನ್ನು ಕೆದಕಿದರು. ಇಂಥ ಆಳುಗಳು ಹೆಚ್ಚಿದ್ದ ಕಡೆ ಜಮೀನ್ದಾರರ ಪಕ್ಷಗಳ ಮತ ಕುಸಿದಿತ್ತು. ಅದು ಊಹಿಸಬಹುದಾದದ್ದೇ. ಆದರೆ ಅಲ್ಲಿ ಜಮೀನಿನ ಬೆಲೆಯೂ ಇಳಿದಿತ್ತು! ಒಂದು ಕ್ಷಣ ಯೋಚಿಸಿ. ಮಣ್ಣು ಅದೇ, ಮಳೆ ಅದೇ, ಬೆಳೆ ಅದೇ. ಅಷ್ಟು ದಿನ ಜಮೀನು ಕೊಳ್ಳುವವನು ಅದರ ಜೊತೆಗೆ ಆಳುಗಳ ಮತವನ್ನೂ ಕೊಳ್ಳುತ್ತಿದ್ದ. ಕ್ರಯದ ಮೊತ್ತದಲ್ಲಿ ಅದೂ ಸೇರಿತ್ತು.

ಹಾಗಾದರೆ ಗುಟ್ಟಿನ ಮತದಾನ ಇರುವ ದೇಶಗಳಲ್ಲೂ ಹಣ ಏಕೆ ಹಂಚುತ್ತಾರೆ? ಪಡೆದವನು ಯಾರಿಗೆ ಮತ ಹಾಕಿದನೆಂದು ಕೊಟ್ಟವನಿಗೆ ತಿಳಿಯುವುದಿಲ್ಲ, ತಿಳಿಯುವುದಿಲ್ಲವೆಂದು ಅವನಿಗೂ ಗೊತ್ತು. ಕೊಟ್ಟರೆ ಗೆಲ್ಲುತ್ತೇನೆಂಬ ನಂಬಿಕೆಯಿಂದ ಯಾರೂ ಕೊಡುವುದಿಲ್ಲ. ಎದುರಾಳಿ ಕೊಟ್ಟು ನಾನು ಕೊಡದಿದ್ದರೆ ಸೋಲುತ್ತೇನೆಂಬ ಭಯ ಕೊಡಿಸುತ್ತದೆ. ಇಬ್ಬರೂ ಕೊಟ್ಟಾಗ ಲಾಭ ಇಬ್ಬರಿಗೂ ಇಲ್ಲ, ನಿಲ್ಲಿಸುವ ಧೈರ್ಯವೂ ಇಬ್ಬರಿಗೂ ಇಲ್ಲ. ಈ ಹಣ ಮತ ತರುವುದಕ್ಕಿಂತ ಹೆಚ್ಚಾಗಿ ಬಾಗಿಲಲ್ಲಿ ಕೊಡುವ ಪ್ರವೇಶ ಶುಲ್ಕದಂತೆ ಕೆಲಸ ಮಾಡುತ್ತದೆ. ಕೊಡಲಾಗದವನು ಬಾಗಿಲ ಹತ್ತಿರವೂ ಬರುವುದಿಲ್ಲ.

ಪಡೆಯುವ ಮತದಾರನದೂ ತಪ್ಪಲ್ಲವೇ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಈಗಾಗಲೇ ಎದ್ದಿರಬೇಕು. ದಕ್ಷಿಣ ಕೊರಿಯಾ ಇದನ್ನು ಕಟ್ಟುನಿಟ್ಟಾಗಿ ತೆಗೆದುಕೊಂಡಿತು. ಅಭ್ಯರ್ಥಿಯಿಂದ ಊಟವನ್ನೋ ಉಡುಗೊರೆಯನ್ನೋ ಪಡೆದವನು ಅದರ ಬೆಲೆಯ 50 ಪಟ್ಟು ದಂಡ ಕಟ್ಟಬೇಕೆಂದು 2004ರಲ್ಲಿ ಕಾನೂನು ಮಾಡಿತು. ಎಲ್ಲರಿಗೂ ಒಂದೇ ಅಳತೆಯಲ್ಲಿ 50 ಪಟ್ಟು ವಿಧಿಸುವುದು ಸರಿಯಲ್ಲವೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2009ರಲ್ಲಿ ಹೇಳಿದ ಮೇಲೆ ಅದು 10ರಿಂದ 50 ಪಟ್ಟು ಎಂದಾಯಿತು. ಈ ಕಾನೂನಿಗೆ ನನ್ನ ಆಕ್ಷೇಪ ಇಲ್ಲ. ಆದರೆ ಅದರ ಹಿಂದಿನ ಕಥೆಯನ್ನೂ ಹೇಳಬೇಕು. 2002ರ ಅಧ್ಯಕ್ಷೀಯ ಚುನಾವಣೆಗೆ ಒಂದು ದೊಡ್ಡ ಪಕ್ಷ ಕಂಪನಿಯಿಂದ ಹಣ ಪಡೆದ ರೀತಿ ಹೀಗಿತ್ತು: ನೋಟಿನ ಪೆಟ್ಟಿಗೆ ತುಂಬಿದ ಲಾರಿಯನ್ನು ಹೆದ್ದಾರಿಯ ಪಕ್ಕದಲ್ಲಿ ಲಾರಿ ಸಮೇತ ಕೈಬದಲಾಯಿಸಿದರು. ಕೊರಿಯಾದ ಸುಧಾರಣೆಯಲ್ಲಿ ನಾನು ಮೆಚ್ಚುವ ಅಂಶವೆಂದರೆ, ಊಟದ ತಟ್ಟೆಗೆ ದಂಡ ಹಾಕಿದ ಅದೇ ವರ್ಷ ಕಂಪನಿಗಳು ರಾಜಕೀಯ ದೇಣಿಗೆ ಕೊಡುವುದನ್ನೂ ನಿಷೇಧಿಸಿದರು. ತಟ್ಟೆ ಮಾತ್ರ ಹಿಡಿದು ಲಾರಿಯನ್ನು ಬಿಟ್ಟಿದ್ದರೆ ಆ ಕಾನೂನು ಬಡವರ ಮೇಲಿನ ಶಿಸ್ತಾಗುತ್ತಿತ್ತು, ಅಷ್ಟೇ.

ಈಗ ಎದುರು ವಾದಕ್ಕೆ ಬರುತ್ತೇನೆ. ಹಣದಿಂದ ಚುನಾವಣೆ ಗೆಲ್ಲಲು ಸಾಧ್ಯವೇ ಇಲ್ಲ ಎಂಬ ವಾದ ಇದೆ, ಅದಕ್ಕೆ ಪುರಾವೆಯೂ ಇದೆ. 2020ರಲ್ಲಿ ಮೈಕೆಲ್ ಬ್ಲೂಮ್‌ಬರ್ಗ್ ಅಮೆರಿಕದ ಅಧ್ಯಕ್ಷ ಹುದ್ದೆಯ ಪಕ್ಷದ ಅಭ್ಯರ್ಥಿಯಾಗಲು ಸ್ವಂತ ಕಿಸೆಯಿಂದ ಸುಮಾರು 100 ಕೋಟಿ ಡಾಲರ್ ಸುರಿದರು. ಅವರು ಮೊದಲ ಸ್ಥಾನ ಪಡೆದದ್ದು ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾ ಎಂಬ ಪುಟ್ಟ ದ್ವೀಪ ಸಮೂಹದಲ್ಲಿ ಮಾತ್ರ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ 1994ರಲ್ಲಿ ಒಂದು ಜಾಣ ಲೆಕ್ಕ ಹಾಕಿದರು. ಅದೇ ಇಬ್ಬರು ಅಭ್ಯರ್ಥಿಗಳು ಒಂದಕ್ಕಿಂತ ಹೆಚ್ಚು ಸಲ ಎದುರುಬದುರಾದ ಅಮೆರಿಕದ ಚುನಾವಣೆಗಳನ್ನು ಮಾತ್ರ ಆರಿಸಿಕೊಂಡು, ಖರ್ಚು ಹೆಚ್ಚು ಕಡಿಮೆ ಆದಾಗ ಮತದಲ್ಲಿ ಏನಾಯಿತೆಂದು ನೋಡಿದರು. ವ್ಯತ್ಯಾಸ ಬಹಳ ಸಣ್ಣದು. ಹೆಚ್ಚು ಹಣ ಇದ್ದವನು ಗೆಲ್ಲುತ್ತಾನೆಂದು ನಮಗೆ ಕಾಣುತ್ತದೆ, ಆದರೆ ಗೆಲ್ಲುವ ಲಕ್ಷಣ ಇದ್ದವನತ್ತ ಹಣ ತಾನಾಗಿಯೇ ಹರಿಯುತ್ತದೆ ಎಂಬುದು ಅದರ ಅರ್ಧ ಕಾರಣ.

ಈ ವಾದವನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೆ ಪ್ರಶ್ನೆ ಇನ್ನೂ ಕಟುವಾಗುತ್ತದೆ. ಗೆಲ್ಲುವವನೆಂದು ಮೊದಲೇ ಗೊತ್ತಿರುವವನಿಗೆ ಹಣ ಕೊಡುವವನು ಗೆಲುವನ್ನು ಕೊಳ್ಳುತ್ತಿಲ್ಲ. ಮತ್ತೇನನ್ನು ಕೊಳ್ಳುತ್ತಿದ್ದಾನೆ?

ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಸಂಸತ್ತಿನಲ್ಲಿ ಇದನ್ನೇ ಪರೀಕ್ಷಿಸಿದರು. ಅವರ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಒಂದು ಸಂಘಟನೆ 191 ಸಂಸದರ ಕಚೇರಿಗಳಿಗೆ ಭೇಟಿ ಕೋರಿ ಪತ್ರ ಬರೆಯಿತು. ಬರುವವರು ನಿಮ್ಮ ಕ್ಷೇತ್ರದ ನಿವಾಸಿಗಳು ಎಂದು ಕೆಲವು ಪತ್ರಗಳಲ್ಲಿತ್ತು. ಬರುವವರು ದೇಣಿಗೆ ಕೊಟ್ಟವರು ಎಂದು ಉಳಿದವುಗಳಲ್ಲಿತ್ತು. ಯಾವ ಕಚೇರಿಗೆ ಯಾವ ಪತ್ರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು. ದೇಣಿಗೆದಾರರೆಂದು ತಿಳಿದಾಗ ಸಂಸದರೋ ಅವರ ಹಿರಿಯ ಅಧಿಕಾರಿಗಳೋ ಭೇಟಿಗೆ ಸಿಗುವ ಸಂಭವ ಮೂರರಿಂದ ನಾಲ್ಕು ಪಟ್ಟು ಹೆಚ್ಚಿತ್ತು. ಯಾರೂ ಯಾರಿಗೂ ಲಂಚ ಕೊಡಲಿಲ್ಲ, ಯಾವ ಕರಾರೂ ಇಲ್ಲ. ಬಾಗಿಲು ತೆರೆಯಿತು, ಅಷ್ಟೇ. ಆದರೆ ಆಡಳಿತದಲ್ಲಿ ಅರ್ಧ ಕೆಲಸ ಆಗುವುದೇ ಬಾಗಿಲು ತೆರೆಯುವುದರಲ್ಲಿ. ಯಾರ ಕಷ್ಟ ಮಂತ್ರಿಯ ಕಿವಿಗೆ ಬೀಳುತ್ತದೋ ಅವರ ಕಷ್ಟವೇ ದೇಶದ ಸಮಸ್ಯೆ ಎನಿಸಿಕೊಳ್ಳುತ್ತದೆ.

ಸಮಯದ ಲೆಕ್ಕ ನೋಡಿ. ಅಮೆರಿಕದ ಹೊಸ ಸಂಸದರಿಗೆ ಡೆಮಾಕ್ರಟಿಕ್ ಪಕ್ಷ ಕೊಟ್ಟ ಮಾದರಿ ದಿನಚರಿಯೊಂದು 2013ರಲ್ಲಿ ಪತ್ರಿಕೆಗೆ ಸಿಕ್ಕಿತು. ದಿನಕ್ಕೆ ನಾಲ್ಕು ಗಂಟೆ ದೇಣಿಗೆದಾರರಿಗೆ ಫೋನ್ ಮಾಡಬೇಕೆಂದು ಅದರಲ್ಲಿತ್ತು. ಸರ್ಕಾರಿ ಕಟ್ಟಡದಿಂದ ದೇಣಿಗೆ ಕೇಳುವುದು ಅಲ್ಲಿ ಕಾನೂನುಬಾಹಿರ. ಆದ್ದರಿಂದ ಸಂಸದರು ಹತ್ತಿರದ ಪಕ್ಷದ ಕಚೇರಿಗೆ ನಡೆದು ಹೋಗಿ ಅಲ್ಲಿ ಕುಳಿತು ಫೋನ್ ಮಾಡುತ್ತಾರೆ. ಕಾನೂನು ಪಾಲನೆಯಾಯಿತು. ಆದರೆ ದಿನಕ್ಕೆ ನಾಲ್ಕು ಗಂಟೆ, ವರ್ಷಗಟ್ಟಲೆ, ಹಣವಂತರ ಚಿಂತೆಗಳನ್ನೇ ಕೇಳಿಸಿಕೊಳ್ಳುವ ಮನುಷ್ಯನ ತಲೆಯಲ್ಲಿ ಲೋಕ ಯಾವ ಆಕಾರ ಪಡೆಯುತ್ತದೆ? ಅವನು ಪ್ರಾಮಾಣಿಕನೇ ಇರಬಹುದು. ನನಗೆ ಹೆಚ್ಚು ಚಿಂತೆ ಪ್ರಾಮಾಣಿಕರ ಬಗ್ಗೆಯೇ, ಏಕೆಂದರೆ ತಾವು ಬದಲಾದದ್ದು ಅವರಿಗೇ ತಿಳಿಯುವುದಿಲ್ಲ.

ಇದೇ ವಿಷಯಕ್ಕೆ ಬಹಳ ಉಲ್ಲೇಖವಾಗುವ ಅಧ್ಯಯನ ಮಾರ್ಟಿನ್ ಗಿಲೆನ್ಸ್ ಮತ್ತು ಬೆಂಜಮಿನ್ ಪೇಜ್ ಅವರದು. 1981ರಿಂದ 2002ರವರೆಗಿನ 1,779 ನೀತಿ ಪ್ರಶ್ನೆಗಳನ್ನು ತೆಗೆದುಕೊಂಡು, ಸಿರಿವಂತರು ಮತ್ತು ಸಂಘಟಿತ ಹಿತಾಸಕ್ತಿಗಳ ಇಷ್ಟಕ್ಕೆ ಸರ್ಕಾರ ಓಗೊಡುತ್ತದೆ, ಮಧ್ಯಮ ಮತದಾರನ ಇಷ್ಟದ ಸ್ವತಂತ್ರ ಪ್ರಭಾವ ಶೂನ್ಯಕ್ಕೆ ಹತ್ತಿರ ಎಂದರು. ಬಹುಪಾಲು ವಿಷಯಗಳಲ್ಲಿ ಸಿರಿವಂತರು ಮತ್ತು ಮಧ್ಯಮದವರು ಒಂದನ್ನೇ ಬಯಸುತ್ತಾರಲ್ಲ, ಹಾಗಿದ್ದಾಗ ಬೇರ್ಪಡಿಸಿ ಹೇಳುವುದು ಹೇಗೆ ಎಂದು ಟೀಕಾಕಾರರು ಕೇಳಿದರು. ಟೀಕೆಯಲ್ಲಿ ತೂಕ ಇದೆ. ಅದಕ್ಕೇ ನಾನು ಆ ದೊಡ್ಡ ಅಧ್ಯಯನಕ್ಕಿಂತ 191 ಕಚೇರಿಗಳ ಪುಟ್ಟ ಪ್ರಯೋಗವನ್ನು ಹೆಚ್ಚು ನಂಬುತ್ತೇನೆ.

ನ್ಯಾಯಾಲಯಗಳು ಈ ಋಣವನ್ನು ಹೇಗೆ ನೋಡಿವೆ? ಎರಡು ದೇಶಗಳ ಸುಪ್ರೀಂ ಕೋರ್ಟುಗಳನ್ನು ಪಕ್ಕಪಕ್ಕ ಇಡುತ್ತೇನೆ. ಅಮೆರಿಕದ ನ್ಯಾಯಾಲಯ 1976ರ ಬಕ್ಲಿ ಪ್ರಕರಣದಲ್ಲಿ ದೇಣಿಗೆಗೆ ಮಿತಿ ಹಾಕಬಹುದು, ಖರ್ಚಿಗೆ ಹಾಕುವಂತಿಲ್ಲ ಎಂದಿತು. ಖರ್ಚು ಎಂದರೆ ಅಭಿವ್ಯಕ್ತಿ ಎಂಬುದು ಅದರ ತರ್ಕ. 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನಲ್ಲಿ ಕಂಪನಿಗಳು ಅಭ್ಯರ್ಥಿಯಿಂದ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಎಂದಿತು. ಒಲವು ಗಿಟ್ಟಿಸುವುದು, ಭೇಟಿಯ ಅವಕಾಶ ಪಡೆಯುವುದು ಭ್ರಷ್ಟಾಚಾರವಲ್ಲ ಎಂದು ಆ ತೀರ್ಪು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಕೊಟ್ಟದ್ದಕ್ಕೆ ಪ್ರತಿಯಾಗಿ ಇಂಥದ್ದು ಎಂಬ ಸಾಲಪತ್ರ ಇದ್ದರೆ ಮಾತ್ರ ತಪ್ಪು. ಋಣ ಆ ನ್ಯಾಯಾಲಯದ ಕಣ್ಣಿಗೆ ಕಾಣುವುದಿಲ್ಲ.

ಭಾರತದ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿದಾಗ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಯೋಚಿಸಿತು. ದೇಣಿಗೆ ಕೊಟ್ಟವನಿಗೆ ನೀತಿ ರೂಪಿಸುವವರ ಜೊತೆ ಮೇಜಿನ ಮುಂದೆ ಕುರ್ಚಿ ಸಿಗುತ್ತದೆ, ಆ ಸಾಮೀಪ್ಯವೇ ಪ್ರಭಾವವಾಗುತ್ತದೆ, ಆದ್ದರಿಂದ ಕೊಟ್ಟವರು ಯಾರೆಂದು ಮತದಾರನಿಗೆ ತಿಳಿಯಬೇಕು ಎಂದಿತು. ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದಿದ್ದರು.

ಆ ಬಾಂಡ್ ಯೋಜನೆಯ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಅದರಲ್ಲಿ ಒಂದು ಸ್ವಾರಸ್ಯ ಇದೆ. 2018ರಲ್ಲಿ ಜಾರಿಗೆ ಬಂದ ಆ ಯೋಜನೆಯಲ್ಲಿ ಕೊಡುವವನು ಸರ್ಕಾರಿ ಸ್ವಾಮ್ಯದ ಬ್ಯಾಂಕಿನಲ್ಲಿ ಬಾಂಡ್ ಕೊಂಡು ಪಕ್ಷಕ್ಕೆ ಕೊಡುತ್ತಿದ್ದ. ಬಾಂಡಿನ ಮೇಲೆ ಹೆಸರು ಇರುತ್ತಿರಲಿಲ್ಲ. ದೇಣಿಗೆಯಲ್ಲಿ ಗುಟ್ಟು ಯಾವಾಗಲೂ ಕೆಟ್ಟದ್ದೇ ಎಂದು ಹೇಳಲಾಗದು. ಮತಗಟ್ಟೆಯಲ್ಲಿ ಗುಟ್ಟು ಒಳ್ಳೆಯದಾದರೆ ದೇಣಿಗೆಯಲ್ಲಿ ಏಕಲ್ಲ ಎಂದು ವಾದಿಸಿದ ಕಾನೂನು ಪಂಡಿತರಿದ್ದಾರೆ. ಪಡೆದವನಿಗೇ ಕೊಟ್ಟವನ ಹೆಸರು ತಿಳಿಯದಿದ್ದರೆ ಋಣ ಹುಟ್ಟುವುದೇ ಇಲ್ಲವಲ್ಲ! ತರ್ಕ ಸುಂದರವಾಗಿದೆ. ಚಿಲಿ 2003ರಲ್ಲಿ ಇದನ್ನೇ ಪ್ರಯತ್ನಿಸಿತು. ಚುನಾವಣಾ ಸಂಸ್ಥೆಯ ಮೂಲಕ ಹೆಸರಿಲ್ಲದ ದೇಣಿಗೆ ಕೊಡುವ ವ್ಯವಸ್ಥೆ ಮಾಡಿತು. ಆದರೆ ಕೊಟ್ಟವನು ಅಭ್ಯರ್ಥಿಗೆ ಫೋನ್ ಮಾಡಿ ನಾನೇ ಕೊಟ್ಟೆ ಎಂದು ಹೇಳುವುದನ್ನು ತಡೆಯುವುದು ಹೇಗೆ? ಹಗರಣಗಳ ಸರಣಿಯ ನಂತರ 2016ರಲ್ಲಿ ಚಿಲಿ ಅದನ್ನು ಕೈಬಿಟ್ಟಿತು. ಭಾರತದ ಬಾಂಡಿನಲ್ಲಿ ಆ ಪ್ರಯತ್ನವೂ ಇರಲಿಲ್ಲ. ಬಾಂಡನ್ನು ಪಕ್ಷದ ಕೈಗೆ ಕೊಡುವವನನ್ನು ಪಕ್ಷ ನೋಡದೇ ಇರುವುದು ಸಾಧ್ಯವೇ? ಕೊಟ್ಟವನಿಗೆ ಗೊತ್ತು, ಪಡೆದವನಿಗೆ ಗೊತ್ತು, ಬ್ಯಾಂಕಿಗೆ ಗೊತ್ತು. ಕೊನೆಗೆ ಬಡ್ಡಿ ಕಟ್ಟಬೇಕಾದವನಿಗೆ ಮಾತ್ರ ಗೊತ್ತಿಲ್ಲ.

ಮಿತಿ ಹಾಕುವ ಕಾನೂನುಗಳ ಗತಿಯನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಕಥೆ ಎಲ್ಲ ಕಡೆ ಒಂದೇ. 1883ರ ಬ್ರಿಟಿಷ್ ಕಾನೂನು ಅಭ್ಯರ್ಥಿಯ ಖರ್ಚನ್ನು ಕಟ್ಟಿಹಾಕಿತು. ಪಕ್ಷ ದೇಶಾದ್ಯಂತ ಮಾಡುವ ಖರ್ಚಿಗೆ ಅಲ್ಲಿ ಮಿತಿ ಬಂದದ್ದು 2000ದ ಕಾನೂನಿನಿಂದ. ನೂರಾ ಹದಿನೇಳು ವರ್ಷಗಳ ಅಂತರ! ಭಾರತದಲ್ಲಿ ಕನ್ವರ್ ಲಾಲ್ ಗುಪ್ತ ಪ್ರಕರಣದಲ್ಲಿ, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅವನ ಲೆಕ್ಕಕ್ಕೆ ಸೇರಬೇಕೆಂದು 1974ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ತಿಂಗಳು ಸುಗ್ರೀವಾಜ್ಞೆ ಬಂತು, ಸೇರಬೇಕಾಗಿಲ್ಲ ಎಂದು. ಆಳುವವರ ಕೈಕಾಲು ಇಷ್ಟು ಚುರುಕಾಗಿ ಆಡುವುದನ್ನು ಬೇರೆ ವಿಷಯಗಳಲ್ಲಿ ನಾವು ಕಾಣುವುದು ಅಪರೂಪ.

ಹಾಗಾದರೆ ಚುನಾವಣೆಗೆ ಹಣ ಎಲ್ಲಿಂದ ಬರಬೇಕು? ಪ್ರಚಾರಕ್ಕೆ ಖರ್ಚು ಬೇಕೇ ಬೇಕು, ಅದನ್ನು ಅಲ್ಲಗಳೆಯುವುದು ಕಪಟ. 1838ರಲ್ಲಿ ಇಂಗ್ಲೆಂಡಿನ ಚಾರ್ಟಿಸ್ಟ್ ಕಾರ್ಮಿಕರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಎರಡು ಇಂಥವೇ ಆಗಿದ್ದವು. ಆಸ್ತಿ ಇಲ್ಲದವನೂ ಸಂಸದನಾಗಲು ಅವಕಾಶ ಇರಬೇಕು, ಸಂಸದನಿಗೆ ಸಂಬಳ ಇರಬೇಕು. ಸಂಬಳವೇ ಇಲ್ಲದಿದ್ದರೆ ದುಡಿದು ತಿನ್ನುವವನು ಶಾಸನ ಸಭೆಯಲ್ಲಿ ಕುಳಿತುಕೊಳ್ಳುವುದು ಹೇಗೆ? ಆ ಸಂಬಳ ಬರಲು 1911 ಆಗಬೇಕಾಯಿತು. ಜನಪ್ರತಿನಿಧಿಗಳ ಸಂಬಳ ಏರಿದಾಗಲೆಲ್ಲ ನಾವು ಗೊಣಗುತ್ತೇವೆ, ನಾನೂ ಗೊಣಗಿದ್ದೇನೆ. ಆದರೆ ಅದು ಋಣದಿಂದ ಬಿಡಿಸುವ ಮೊದಲ ಸಾರ್ವಜನಿಕ ಹಣ ಎಂಬುದನ್ನು ನೆನಪಿಡಬೇಕು.

ಪಕ್ಷಗಳಿಗೇ ಬೊಕ್ಕಸದಿಂದ ಹಣ ಕೊಡುವ ದೇಶಗಳಿವೆ. ಜಪಾನ್ 1994ರ ಸುಧಾರಣೆಯಲ್ಲಿ ತಲೆಗೆ 250 ಯೆನ್ ಲೆಕ್ಕದಲ್ಲಿ ಒಂದು ನಿಧಿ ಮಾಡಿತು. ಬ್ರೆಜಿಲ್‌ನ ಸುಪ್ರೀಂ ಕೋರ್ಟ್ 2015ರಲ್ಲಿ ಕಂಪನಿ ದೇಣಿಗೆಯನ್ನು ಅಸಾಂವಿಧಾನಿಕ ಎಂದ ಮೇಲೆ ಅಲ್ಲೂ ದೊಡ್ಡ ಸಾರ್ವಜನಿಕ ನಿಧಿ ಬಂತು. ಇದರ ತೊಡಕೆಂದರೆ, ಹಣ ಹಂಚುವ ಸೂತ್ರವನ್ನು ಬರೆಯುವವರು ಈಗಾಗಲೇ ಒಳಗೆ ಕುಳಿತ ಪಕ್ಷಗಳು. ಹಿಂದಿನ ಚುನಾವಣೆಯ ಬಲಕ್ಕೆ ತಕ್ಕಂತೆ ಹಣ ಎಂದರೆ ಹೊಸಬರಿಗೆ ಬಾಗಿಲು ಮುಚ್ಚಿದಂತೆ. ಪಕ್ಷದೊಳಗೂ ಹಣ ನಾಯಕರ ಮುಷ್ಟಿಯಲ್ಲೇ ಉಳಿಯುತ್ತದೆ. ಜಪಾನಿನಲ್ಲಂತೂ ಸುಮಾರು ಮೂವತ್ತು ವರ್ಷ ಸಾರ್ವಜನಿಕ ಹಣ ಪಡೆದ ಮೇಲೂ ಆಳುವ ಪಕ್ಷದ ಬಣಗಳು ಲೆಕ್ಕಕ್ಕೆ ಸಿಗದ ನಿಧಿ ಇಟ್ಟುಕೊಂಡಿದ್ದುದು 2023ರ ಕೊನೆಗೆ ಹೊರಬಿತ್ತು.

ನನಗೆ ಹಿಡಿಸಿದ ಪ್ರಯೋಗ ಬೇರೆ. ಅಮೆರಿಕದ ಸಿಯಾಟಲ್ ನಗರದ ಮತದಾರರು 2015ರಲ್ಲಿ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟರು. ನಗರಸಭೆಯ ಚುನಾವಣೆ ಬಂದಾಗ ಪ್ರತಿ ಅರ್ಹ ನಿವಾಸಿಗೂ ತಲಾ 25 ಡಾಲರಿನ ನಾಲ್ಕು ಚೀಟಿಗಳು ಬರುತ್ತವೆ. ನಗದಾಗಿ ಅವಕ್ಕೆ ಬೆಲೆ ಇಲ್ಲ. ತನಗೆ ಬೇಕಾದ ಅಭ್ಯರ್ಥಿಗೆ ಕೊಡಬಹುದು, ಅಭ್ಯರ್ಥಿ ಅದನ್ನು ನಗರದ ನಿಧಿಯಿಂದ ಹಣವಾಗಿಸಿಕೊಳ್ಳುತ್ತಾನೆ. ಚೀಟಿ ಬಯಸುವ ಅಭ್ಯರ್ಥಿ ಖರ್ಚಿನ ಮಿತಿಗೆ ಒಪ್ಪಬೇಕು. ಇದರಲ್ಲಿ ಋಣ ಇಲ್ಲವೆಂದಲ್ಲ. ಋಣ ಇದೆ, ಆದರೆ ಅದು ಸಾವಿರಾರು ಜನಕ್ಕೆ ಹಂಚಿಹೋಗಿದೆ. ಬಾಡಿಗೆ ಕಟ್ಟಲು ಪರದಾಡುವವನ ಮನೆಗೂ ಅಭ್ಯರ್ಥಿ ದೇಣಿಗೆ ಕೇಳಿಕೊಂಡು ಹೋಗಬೇಕಾಗುತ್ತದೆ, ಹೋದಾಗ ಅವನ ಮಾತು ಕೇಳಬೇಕಾಗುತ್ತದೆ. ಚೀಟಿಗಳನ್ನು ಬಳಸದೇ ಬಿಡುವವರೇ ಅಲ್ಲಿ ಹೆಚ್ಚು ಎಂಬುದೂ ನಿಜ.

ಹೊರಗಿನ ಹಣವನ್ನು ಚೀಟಿ ತಡೆಯಲಾರದು. 2019ರ ಸಿಯಾಟಲ್ ಚುನಾವಣೆಯಲ್ಲಿ ಅಮೆಜಾನ್ ಕಂಪನಿ ಸುಮಾರು 15 ಲಕ್ಷ ಡಾಲರನ್ನು ಉದ್ಯಮಿಗಳ ಸಮಿತಿಯ ಮೂಲಕ ಹಾಕಿತು. ಬಕ್ಲಿ ಮತ್ತು ಸಿಟಿಜನ್ಸ್ ಯುನೈಟೆಡ್ ತೀರ್ಪುಗಳ ನೆರಳಿನಲ್ಲಿ ನಗರ ಅದನ್ನು ನಿಲ್ಲಿಸುವಂತಿರಲಿಲ್ಲ. ಯಾರು ಎಷ್ಟು ಕೊಟ್ಟರೆಂಬುದು ಮಾತ್ರ ಮತದಾನಕ್ಕೆ ಮೊದಲೇ ಎಲ್ಲರಿಗೂ ಗೊತ್ತಿತ್ತು, ಪತ್ರಿಕೆಗಳಲ್ಲಿ ಬಂದಿತ್ತು. ಆ ಹಣದ ಬೆಂಬಲ ಪಡೆದವರಲ್ಲಿ ಹೆಚ್ಚಿನವರು ಸೋತರು. ವಿದೇಶಿ ಪಾಲುದಾರಿಕೆ ಇರುವ ಕಂಪನಿಗಳು ನಗರದ ಚುನಾವಣೆಗೆ ಹಣ ಹಾಕುವುದನ್ನು ನಿರ್ಬಂಧಿಸುವ ನಿಯಮವನ್ನು ಹೊಸ ನಗರಸಭೆ ಮರು ಜನವರಿಯಲ್ಲೇ ಮಾಡಿತು.